ಎಡಗೈ ಗಂಟು

...ಅಲ್ಲಿಗ್ಯಾಕೆ ನುಗ್ಗಿದ್ಯೇ ಟೀಗನ್? ಹಿಂದಿನ ಚಕ್ರ, ಬ್ರೇಕು ಎಲ್ಲ ನಂದು ಅಂತ ಮೊದಲನೇ ದಿನವೇ ಮಾತಾಗಿರ್ಲಿಲ್ವಾ? ಎಂಜಿನ್ನು ನಿಂದು, ಬಣ್ಣ ನಿಂದು, ಸೀಟು ಹೊಲಿಸೋದು ನಿಂದು. ಹಿಂಭಾಗ ಅಪ್ಪಂದು. ಪೇಟೆಗೆ ಹೋಗಿ ಒಂದು ಬ್ರೆಡ್ಡು ತರೋಷ್ಟರಲ್ಲಿ ಗಾಡಿ ಕೆಳಗೆ ತೂರ್ಕೊಂಡಿದ್ದೀಯಲ್ಲ! ಬಾ ಈಚೆಗೆ. ಬಾ ಅಂದ್ರೆ!

ಕಾಲು ಬಿಟ್ರೆ ಇನ್ನೇನೂ ಕಾಣ್ತಿಲ್ಲ ನಂಗೆ. ಕಾಲಿಗೆ ಕಿವಿ ಇಲ್ಲ ಬಿಡು... ಏನು, ನಗ್ತಿದ್ದೀಯಾ? ನಗು, ನಗು. ಮೂವತ್ಮೂರು ವರ್ಷ ಆದ್ರೂ ಅಪ್ಪನ ಮಾತು ಕೇಳಲ್ಲ. ಥೇಟ್ ಗ್ಲೆನಿಸ್. ನಿಮ್ಮಮ್ಮನೂ ಹೀಗೇ, ಬೇಡ ಅಂದ ಕೆಲಸಕ್ಕೇ ಮೊದಲು ಕೈ ಹಾಕ್ತಿದ್ದದ್ದು.

ಟೀ ತಂದಿದ್ದೀನಿ ನೋಡು, ಫ್ಲಾಸ್ಕಲ್ಲಿ. ಆರೋಗುತ್ತೆ. ಅಲ್ಲ, ಈ ಶೆಡ್ಡಿನ ಕಾವಿಗೆ ಆರೋದೆಲ್ಲಿಂದ... ಆದ್ರೂ ಬಾ. ಕುಡಿದು ಆಮೇಲೆ ರೇಡಿಯೇಟರ್ ನೋಡುವಂತೆ. ರೇಡಿಯೇಟರ್ ಇನ್ನೂ ಸೋರ್ತಿದೆ, ಅದು ಬಿಟ್ಟು ಹಿಂದೆ ಏನು ಕೆಲಸ ನಿಂಗೆ?

ನಾಲ್ಕು ತಿಂಗಳ ಹಿಂದೆ ಹೇಗಿತ್ತೇ ಈ ಪಿಕಪ್ಪು! ಟಾರ್ಪಾಲು ತೆಗೆದ್ರೆ ಸೀಟಲ್ಲಿ ಇಲಿಗಳು ಮೂರು ತಲೆಮಾರು ಸಂಸಾರ ಮಾಡಿದ್ವು. ಇಪ್ಪತ್ತಾರು ವರ್ಷ ಮಲಗಿದ್ದ ಗಾಡಿ ಕಣೇ, ಮೊನ್ನೆ ನೀನು ಕೀ ತಿರುಗ್ಸಿದ ತಕ್ಷಣ ಕೆಮ್ಮಿ, ಕೆಮ್ಮಿ, ಎದ್ದೇಬಿಡ್ತು! ನಾಯಿ ಹೆದರ್ಕೊಂಡು ನೀರಿನ ಟ್ಯಾಂಕಿನ ಹಿಂದೆ ಹೋಗಿದ್ದು ಊಟಕ್ಕೂ ಬರ್ಲಿಲ್ಲ. ನೀನು ಕುಣಿದೆ. ನಾನೂ ಕುಣಿದೆ, ಮಂಡಿ ನೋವು ಮರ್ತು. ಈ ಮನೇಲಿ ಯಾರಾದ್ರೂ ಕುಣಿದು ಎಷ್ಟು ವರ್ಷ ಆಗಿತ್ತು... ಸಂತೋಷ ಆಯ್ತು ಕಣೇ. ನಿಜವಾಗ್ಲೂ ಆಯ್ತು.

ಏನಾಯ್ತೇ?

ಸ್ಪ್ಯಾನರ್ ಬಿದ್ದ ಸದ್ದು ಕೇಳಿಸ್ತು. ಕೈಗೆ ಪೆಟ್ಟಾಯ್ತಾ? ಟಾರ್ಚ್ ಯಾಕೆ ಒಂದೇ ಕಡೆ ಹಿಡ್ಕೊಂಡಿದ್ದೀಯ? ಅಲ್ಲೇನಿದೆ ನೋಡೋಕೆ, ತುಕ್ಕು, ಜೇಡರ ಬಲೆ. ಮುಟ್ಟಬೇಡ! ಅಲ್ಲ... ಜೇಡ ಇರುತ್ತೆ ಅಂದೆ. ಬೆನ್ನ ಮೇಲೆ ಕೆಂಪು ಗೆರೆ ಇರೋದು. ಕಚ್ಚಿದ್ರೆ ಆಸ್ಪತ್ರೆಗೆ ಎರಡು ಗಂಟೆ ದಾರಿ.

ಹಾಂ, ಬಂದ್ಯಾ. ಸದ್ಯ. ಮುಖವೆಲ್ಲ ಮಸಿ. ತಗೋ, ಟೀ... ತಗೊಳ್ಳೇ. ಕೈಲೇನದು?

ತಂತಿ. ಹೂಂ. ತಂತಿಯೇ. ಬೇಲಿ ತಂತಿ. ಅದಕ್ಕೇನೀಗ? ಕುರಿ ಸಾಕೋ ಮನೆ ಕಣೇ ಇದು, ಈ ಊರಲ್ಲಿ ಬೇಲಿ ತಂತಿ ಇಲ್ದೆ ಯಾವುದು ನಿಂತಿದೆ? ಸೈಲೆನ್ಸರಿಗೆ ತಂತಿ, ಬಾಗಿಲಿಗೆ ತಂತಿ, ಚರ್ಚಿನ ಗಂಟೆಗೂ ತಂತಿ. ಯಾವ ಕಾಲದಲ್ಲಿ ಯಾರು ಏನು ಕಟ್ಟಿದ್ರೋ! ಬಿಸಾಕು ಆ ಡಬ್ಬಕ್ಕೆ.

ಗಂಟು ಯಾಕೆ ತೋರಿಸ್ತಿದ್ದೀಯ ನಂಗೆ?

ಹೌದು... ನಂದೇ ಗಂಟು. ಇಲ್ಲ ಅನ್ನೋಕಾಗುತ್ತಾ? ಊರವರೆಲ್ಲ ಬಲಕ್ಕೆ ಸುತ್ತಿದ್ರೆ ನಾನೊಬ್ಬ ಎಡಕ್ಕೆ ಸುತ್ತೋನು. ಎಲ್ಲಿ ಬೇಲಿ ಹರಿದಿದ್ರೂ ಗಂಟು ನೋಡಿ ಹೇಳೋರು, ಇದು ಕ್ಲೆಮ್ ಕಟ್ಟಿದ್ದು ಅಂತ. ನಿಂಗೂ ನಾನೇ ಕಲಿಸಿದ್ದಲ್ವಾ, ಹತ್ತು ವರ್ಷದವಳಿದ್ದಾಗ? ಬಲಗೈಯವಳಾದ್ರೂ ಎಡಗೈಲೇ ಕಟ್ತೀನಿ ಅಪ್ಪನ ಹಾಗೆ ಅಂತ ಹಟ ಹಿಡಿದೆ. ಬೆರಳೆಲ್ಲ ರಕ್ತ ಮಾಡ್ಕೊಂಡೆ...

ಅದು ಆಮೇಲೆ ಕಟ್ಟಿದ್ದು ಕಣೇ. ನಿಮ್ಮಮ್ಮ ಹೋದ ದಿನ, ಅದಾದ ಮೇಲೆ. ಗಾಡಿನ ಟ್ರ್ಯಾಕ್ಟರಲ್ಲಿ ಎಳೆದು ತರ್ಬೇಕಾಗಿತ್ತಲ್ಲ, ಆಗ ಹ್ಯಾಂಡ್‌ಬ್ರೇಕಿಗೆ ಒಂದು ಸುತ್ತು...

ಹಾಗೆ ನೋಡಬೇಡ. ಎಳ್ಕೊಂಡು ಬರೋ ಗಾಡಿಗೆ ಹ್ಯಾಂಡ್‌ಬ್ರೇಕ್ ಯಾಕಪ್ಪಾ ಅಂತ ತಾನೇ? ಸರಿ. ಸರಿ ಬಿಡು. ಸುಳ್ಳು ಹೇಳಿದೆ. ಕೂತ್ಕೋ ಒಂದು ನಿಮಿಷ. ಕೂರಲ್ವಾ? ನಾನಾದ್ರೂ ಕೂರ್ತೀನಿ.

ಕೊಯ್ಲಿನ ಟೈಮು ಅದು. ನಿಂಗೆ ಏಳು ವರ್ಷ. ಹ್ಯಾಂಡ್‌ಬ್ರೇಕಿನ ಕೇಬಲ್ಲು ಕಡೀತು. ಹೊಸದು ತರೋಕೆ ಪೋರ್ಟ್ ಆಗಸ್ಟಾ ಪೇಟೆಗೆ ಹೋಗ್ಬೇಕು, ಹೋಗಿ ಬರೋದಕ್ಕೆ ಒಂದು ದಿನ. ಆಕಾಶದಲ್ಲಿ ಮೋಡ, ಗೋಧಿ ಇನ್ನೂ ಅರ್ಧ ಹೊಲದಲ್ಲಿ. ಯಾರು ಹೋಗ್ತಾರೆ? ಅಲ್ಲೇ ಬೇಲಿಯಿಂದ ಒಂದು ಗಜ ತಂತಿ ಕತ್ತರಿಸಿದೆ, ಕಡಿದಿರೋ ಎರಡು ತುದಿ ಸೇರಿಸಿ ಬಿಗಿದೆ. ಗಟ್ಟಿಯಾಗೇ ಇತ್ತು! ಎಳೆದು ನೋಡಿದ್ದೆ! ಗ್ಲೆನಿಸ್ ಮೂರು ಸಲ ಹೇಳಿದ್ಲು, ಕ್ಲೆಮ್, ಅದು ಸರಿಯಿಲ್ಲ, ಕೇಬಲ್ಲು ತಗೊಂಬಾ ಅಂತ. ಕೊಯ್ಲು ಮುಗೀಲಿ ಅಂದೆ. ನಮ್ಮಲ್ಲಿ ಎಲ್ಲದಕ್ಕೂ ಅದೇ ಮಾತು ತಾನೇ, ಕೊಯ್ಲು ಮುಗೀಲಿ. ಹಲ್ಲು ನೋವಾ, ಕೊಯ್ಲು ಮುಗೀಲಿ. ಮಗು ಹುಟ್ಟೋದಿದ್ರೂ ಕೊಯ್ಲು ಮುಗೀಲಿ ಅಂತೀವಿ.

ಅವತ್ತು ನಂಗೆ ಊಟ ತಗೊಂಡು ಬರ್ತಿದ್ರಿ ನೀವಿಬ್ಬರೂ. ಇಳಿಜಾರಿನ ಗೇಟು. ಓಡಿಸೋರಲ್ಲ, ಆ ಕಡೆ ಕಿಟಕಿ ಪಕ್ಕ ಕೂತೋರು ಇಳಿದು ಗೇಟು ತೆಗೀಬೇಕು, ಅದು ರೂಢಿ. ಬೇರೆ ಗೇಟೆಲ್ಲ ನೀನೇ ತೆಗೀತಿದ್ದೆ. ಈ ಗೇಟು ಜೋತುಬಿದ್ದಿತ್ತು, ಎತ್ತಿ ತಳ್ಳಬೇಕು, ಏಳು ವರ್ಷದ ಮಗೂಗೆ ಆಗಲ್ಲ. ಅದಕ್ಕೆ ಅವಳೇ ಇಳಿದ್ಲು. ಬ್ಯಾಟರಿ ವೀಕು, ಎಂಜಿನ್ ಆರಿಸಿ ಗೇರಲ್ಲಿ ನಿಲ್ಲಿಸೋ ಹಾಗಿಲ್ಲ. ಹ್ಯಾಂಡ್‌ಬ್ರೇಕು ಎಳೆದು, ನಿನ್ನ ಒಳಗೇ ಕೂರಿಸಿ, ಇಳಿದ್ಲು. ಆ ಗೇಟನ್ನೂ ರಿಪೇರಿ ಮಾಡ್ಬೇಕಾಗಿದ್ದವನು ನಾನೇ...

ತಂತಿ ಕಡೀತು. ಗಾಡಿ ಉರುಳ್ತು. ಗೇಟಿಗೂ ಗಾಡಿಗೂ ನಡುವೆ ಅವಳು. ಅಷ್ಟೇ. ಇಷ್ಟೇ ಕಣೇ ಆಗಿದ್ದು. ಗ್ರಹಚಾರ. ಯಾರ ತಪ್ಪೂ...

ಎಲ್ಲಿಗೆ ಹೋಗ್ತಿದ್ದೀಯ? ಗಾಡಿ ಒಳಗ್ಯಾಕೆ? ಸೀಟು ಇನ್ನೂ ಬಿಗಿದಿಲ್ಲ, ಮೊಳೆ ಚುಚ್ಚುತ್ತೆ. ಆ ಕಡೆಯ ಬಾಗಿಲು ಯಾಕೆ, ಅವತ್ತು ಕೂತಿದ್ದ ಕಿಟಕಿ ಪಕ್ಕ... ಅಲ್ಲಿ ಕೂರಬೇಡ ಮಗಳೇ. ಅಲ್ಲಿ ಬೇಡ.

ಹ್ಯಾಂಡ್‌ಬ್ರೇಕು ಮುಟ್ಟಬೇಡ.

...ಹೂಂ. ಎಳೆದ್ರೆ ಹಾಗೇ ಬರುತ್ತೆ, ಮೇಲಿನ ತನಕ. ಬಿಗೀನೇ ಇಲ್ಲ. ಮೇಲೇ ನಿಂತಿರುತ್ತೆ. ತಂತಿ ಕಡಿದ್ರೂ ಅದು ಕೆಳಗೆ ಬೀಳಲ್ಲ. ಹೌದು. ಗೊತ್ತು. ಗುಂಡಿ ಒತ್ತಿ, ಯಾರಾದ್ರೂ ಕೈಯಾರೆ ಇಳಿಸ್ಬೇಕು. ಅವತ್ತು ಎಲ್ಲರೂ ಬಂದು ನೋಡಿದಾಗ ಅದು ಕೆಳಗಿತ್ತು.

ಕೈ ತೆಗಿ ಅದರ ಮೇಲಿಂದ. ನಾನಾ ಅಪ್ಪಾ, ಅಂತ ಕೇಳು, ಅವತ್ತು ಕೇಳಿದ ಹಾಗೆ. ಕೇಳಲ್ವಾ?

ನೀನಲ್ಲ ಕಣೇ. ನೀನು ಮುಟ್ಟಿರ್ಲಿಲ್ಲ.

ನಾನು ಓಡಿ ಬರೋಷ್ಟರಲ್ಲಿ ಗ್ಲೆನಿಸ್ ಹೋಗಿಬಿಟ್ಟಿದ್ಲು. ನೀನು ಒಳಗೆ, ಎರಡೂ ಕೈಲಿ ಊಟದ ಡಬ್ಬ ಹಿಡ್ಕೊಂಡು, ಚೆಲ್ಲದ ಹಾಗೆ... ಎರಡೂ ಕೈಲಿ ಕಣೇ! ಹ್ಯಾಂಡ್‌ಬ್ರೇಕು ಮೇಲಿತ್ತು. ಅವಳು ಎಳೆದಿಟ್ಟ ಹಾಗೇ ಇತ್ತು. ಬಗ್ಗಿ ನೋಡಿದೆ, ತಂತಿ ನೇತಾಡ್ತಿತ್ತು. ಪೊಲೀಸಿನವನು ಬರ್ತಾನೆ. ನನ್ನ ಗಂಟು ಅವನಿಗೂ ಗೊತ್ತು. ಹೆಂಡತಿನ ಬೇಲಿ ತಂತಿಯಿಂದ ಕೊಂದ ಅಂತಾರೆ. ಮಗೂನ ಕಿತ್ಕೊಂಡು ಹೋಗ್ತಾರೆ ಅನ್ನಿಸ್ತು... ಇಲ್ಲ. ಅದೂ ಸುಳ್ಳು. ಆಗ ನಿನ್ನ ಯೋಚನೆನೇ ಬರ್ಲಿಲ್ಲ. ಬರೀ ನನ್ನ ಯೋಚನೆ. ನಿನ್ನ ಮೇಲಿಂದ ಕೈ ಚಾಚಿ, ಗುಂಡಿ ಒತ್ತಿ, ಇಳಿಸ್ಬಿಟ್ಟೆ.

ನಿಂಗೆ ಗುಂಡಿ ಒತ್ತಿದ್ದು ನೆನಪಿದೆ ಅಂತೀಯಲ್ಲ ಯಾವಾಗ್ಲೂ? ಟಕ್ ಅಂದ ಸದ್ದು ಕೇಳಿದ್ದು? ಸದ್ದು ನಿಜ. ಕೈ ನಂದು.

ಪೊಲೀಸು ಒಳಗೆ ಬಗ್ಗಿ ನೋಡಿದ. ಹ್ಯಾಂಡ್‌ಬ್ರೇಕು ಕೆಳಗಿತ್ತು, ಗಾಡಿ ಕೆಳಗೆ ಅವನು ನುಗ್ಗಲೇ ಇಲ್ಲ. ಮಗು ಒಂದೇ ಇತ್ತಾ ಒಳಗೆ, ಅಂದ. ಹೂಂ ಅಂದೆ. ಒಂದೇ ಒಂದು ಹೂಂ ಕಣೇ. ನಿನ್ನ ಹೆಸರು ಎತ್ತಲಿಲ್ಲ, ನೀನು ಮಾಡ್ದೆ ಅಂತ ಯಾರಿಗೂ ಹೇಳ್ಲಿಲ್ಲ. ಅವರೇ ಅಂದ್ಕೊಂಡ್ರು. ಸಂಜೆ ನೀನು ಬಂದು ಕೇಳಿದೆ, ಅಪ್ಪಾ, ನಾನಾ? ಯಾರೂ ನಿನ್ ಮೇಲೆ ಸಿಟ್ಟಾಗಿಲ್ಲ ಮಗಳೇ, ಅಂದೆ.

ಅದು ಹೊಡೆದಿದ್ದಕ್ಕಿಂತ ಹೆಚ್ಚು ಅಂತ ಗೊತ್ತಿತ್ತು ನಂಗೆ. ಅವತ್ತೇ ಗೊತ್ತಿತ್ತು. ಚರ್ಚಿನಲ್ಲಿ ಜನ ಬಂದು ನನ್ನ ಬೆನ್ನು ತಟ್ಟಿದ್ರು. ಎಂಥ ದೊಡ್ಡ ಮನಸ್ಸು ಕ್ಲೆಮ್‌ದು, ಆ ಮಗೂನ ಒಂದು ಮಾತು ಅನ್ನಲಿಲ್ಲ ಅಂದ್ರು. ನಾನು ತಟ್ಟಿಸ್ಕೊಂಡೆ.

ದೊಡ್ಡವಳಾಗಲಿ, ಹೇಳೋಣ ಅಂದ್ಕೊಂಡೆ. ಹತ್ತಾಯ್ತು, ಇಪ್ಪತ್ತಾಯ್ತು. ಹೋದ ಕ್ರಿಸ್‌ಮಸ್ಸಿಗೆ ನಿಮ್ಮ ಮೇವಿಸ್ ಅತ್ತೆ ತನ್ನ ಮೊಮ್ಮಗೂನ ನಿನ್ನ ಕೈಗೆ ಕೊಡೋಕೆ ಬಂದ್ರೆ ನೀನು ಹಿಂದಕ್ಕೆ ಸರಿದು, ನನ್ನ ಕೈಗೆ ಬೇಡ ಅತ್ತೆ, ಅಂದ್ಯಲ್ಲ... ನಾನಲ್ಲೇ ಇದ್ದೆ. ಬ್ರೆಡ್ಡಿಗೆ ಜಾಮ್ ಸವರ್ತಾ ಇದ್ದೆ. ಆಗ್ಲಾದ್ರೂ ಹೇಳಬಹುದಿತ್ತು. ಸವರ್ತಾನೇ ಇದ್ದೆ.

ಈ ಗಾಡಿ ಎಬ್ಬಿಸೋಣಪ್ಪಾ, ಒಂದು ಸಲ ಆ ಗೇಟು ದಾಟಿಸಿದ್ರೆ ನನ್ನ ಮನಸ್ಸು ಹಗುರ ಆಗುತ್ತೆ ಅಂತ ನೀನು ಬಂದಾಗ ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಹಿಂಭಾಗ ನಾನು ನೋಡ್ಕೋತೀನಿ, ಹೊಸ ಕೇಬಲ್ಲು ಹಾಕಿ ಆ ತಂತಿ ತೆಗೆದುಬಿಟ್ರೆ ಆಯ್ತು ಅಂದ್ಕೊಂಡೆ. ನಾಲ್ಕು ತಿಂಗಳಾಯ್ತು. ದಿನಾ ಕೆಳಗೆ ಮಲಗ್ತಿದ್ದೆ, ನೋಡ್ತಿದ್ದೆ, ಎದ್ದು ಬರ್ತಿದ್ದೆ. ನಾನು ಕಟ್ಟಿದ ಗಂಟು, ನನ್ನ ಕೈಲೇ ಬಿಚ್ಚೋಕಾಗ್ಲಿಲ್ಲ ಕಣೇ...

ಇಳಿದ್ಯಾ? ಟೀಗನ್... ಬೈದುಬಿಡು. ಆ ಸ್ಪ್ಯಾನರ್ ತಗೊಂಡು ಹೊಡಿ ಬೇಕಾದ್ರೆ.

ಹೊರಟ್ಯಾ? ಕಾರಿನ ಹತ್ರ ಯಾಕೆ... ಈ ಬಿಸಿಲಲ್ಲಿ ಅಡಿಲೇಡಿನ ನಿನ್ನ ಮನೆ ತನಕ ಒಬ್ಬಳೇ ಹೋಗ್ತೀಯಾ? ನಾಳೆ ಹೋಗು. ನಾನು ಮನೆ ಒಳಗೆ ಬರಲ್ಲ, ಇಲ್ಲೇ ಶೆಡ್ಡಲ್ಲಿರ್ತೀನಿ, ನೀನು ಒಳಗೆ ಮಲಗು. ನೀರಾದ್ರೂ ತಗೊಂಡು ಹೋಗು...

ಚಕ್ರದ ಹಿಂದಿನ ಇಟ್ಟಿಗೆ ಮರೀಬೇಡ. ಆ, ತೆಗೆದ್ಯಾ. ಸಮತಟ್ಟು ನೆಲದಲ್ಲಿ ನಿಲ್ಲಿಸಿದ್ರೂ ಉರುಳದಿರಲಿ ಅಂತ ಒಂದು ಇಟ್ಟಿಗೆ ಇಡ್ತೀಯ, ಪೇಟೇಲಿ ಅಂಗಡಿ ಮುಂದೆ ನಿಲ್ಲಿಸಿದ್ರೂ ಇಡ್ತೀಯ, ಜನ ನಗ್ತಾರೆ. ಕಾರು ಓಡಿಸೋಕೆ ಕಲಿತ ದಿನದಿಂದ ಅದೇ ಇಟ್ಟಿಗೆ ಅಲ್ವಾ? ಡಿಕ್ಕಿಗೆ ಹಾಕ್ಕೋ.

ಡಿಕ್ಕಿ ಆ ಕಡೆ ಕಣೇ. ಈ ಕಡೆ ಯಾಕೆ ಬರ್ತಿದ್ದೀಯ?

ನಂಗ್ಯಾಕೆ ಚಾಚ್ತಿದ್ದೀಯ ಅದನ್ನ?

...ಕೊಡು. ಎರಡೂ ಕೈಲಿ ಹಿಡ್ಕೋತೀನಿ. ನಂದೇ ಅದು, ಕೊಡು.