ಜಾಕೆಟ್ ಒದ್ದೆಯಾಗಲು ಕಾರಣ

...ಅಲ್ಲ ಅತ್ತಿಗೆ, ಆ ಜಾಕೆಟ್ಟಿನ ಚೀಟಿಯಲ್ಲಿರೋ ಇಪ್ಪತ್ತು ಸಾವಿರ ಬೆಲೆ ಅಲ್ಲ. ಯಾಕೆ ಹಾಗೆ ನೋಡ್ತೀರಿ? ಕೂತ್ಕೊಳ್ಳಿ ಮೊದಲು. ಆಸ್ಪತ್ರೆಯಿಂದ ನೆಟ್ಟಗೆ ಇಲ್ಲಿಗೇ ಬಂದಿದ್ದೀರಿ, ಎರಡು ದಿನದಿಂದ ಕಣ್ಣು ಮುಚ್ಚಿಲ್ಲ ಅಂತ ಮುಖದಲ್ಲೇ ಕಾಣುತ್ತೆ. ಆ ಸ್ಕೀ ಬೂಟು ಪಕ್ಕಕ್ಕೆ ಸರಿಸಿ, ಅಲ್ಲೇ ಸ್ಟೂಲಿದೆ... ನಿಂತೇ ಇರ್ತೀರಾ? ಸರಿ, ನಿಮ್ಮಿಷ್ಟ.

ಬರೀತೀನಿ, ಬರೆಯಲ್ಲ ಅಂದ್ನಾ? ಅಣ್ಣನ ರಕ್ಷಣಾ ತಂಡದ ಆಫೀಸಿನೋರು ಅಂಗಡಿಯಿಂದ ಬರೆಸಿ ತನ್ನಿ ಅಂದಿರೋದು ಒಂದೇ: ಜಾಕೆಟ್ ಒದ್ದೆಯಾಗಲು ಕಾರಣ. ಅಣ್ಣನ ಉಡಾಫೆ ಅಂತಾದ್ರೆ ಕೆಲಸ ಹೋಯ್ತು. ಜಾಕೆಟ್ಟಿನ ತಪ್ಪು ಅಂತಾದ್ರೆ, ಹಿಮಕ್ಕೆ ಮರಗಟ್ಟಿ ಬೆರಳು ಹೋದ್ರೂ ಕೂತು ಮಾಡೋ ಕೆಲಸ ಕೊಡ್ತಾರೆ. ಗೊತ್ತು ನನಗೆ. ಆದ್ರೆ ಅಂಗಡಿ ಇಟ್ಕೊಂಡಿರೋನು ಸುಳ್ಳು ಬರೆಯೋಕಾಗುತ್ತಾ, ನೀವೇ ಹೇಳಿ.

ಇಲ್ಲಿ ಕೇಳಿ. ಬಟ್ಟೆ ಮೇಲೆ ಒಂದು ಕೊಳವೆ ನಿಲ್ಲಿಸಿ ನೀರು ತುಂಬ್ತಾ ಹೋಗ್ತಾರೆ. ನೀರು ಎಷ್ಟು ಎತ್ತರ ಏರಿದಾಗ ಬಟ್ಟೆ ಜಿನುಗುತ್ತೋ, ಅದೇ ನಂಬರು, ಮಿಲಿಮೀಟರ್ ಲೆಕ್ಕದಲ್ಲಿ. ಐದು ಸಾವಿರ ಅಂದ್ರೆ ಒಣ ಹಿಮದಲ್ಲಿ ಗಂಟೆ ಎರಡು ಗಂಟೆ ಆಡಿ ಬರೋರಿಗೆ. ಹತ್ತು ಸಾವಿರ, ದಿನವಿಡೀ ಸ್ಕೀ ಮಾಡೋರಿಗೆ. ಅಣ್ಣನಿಗೆ ನಾನು ಕೊಟ್ಟಿದ್ದು ಇಪ್ಪತ್ತು! ಮಳೆ, ಹಿಮ ಎರಡೂ ಸೇರಿ ಸುರಿದ್ರೂ ಜಪ್ಪಯ್ಯ ಅನ್ನಲ್ಲ ಅದು.

ಹಾಗಿದ್ರೆ ಒದ್ದೆ ಹೇಗಾಯ್ತು ಅಂತ ತಾನೇ? ಹಿಮದ ಮೇಲೆ ಕೂತ್ರೆ ಮೈಭಾರ ಬಿದ್ದು ನೀರು ಒಳಗೆ ನುಗ್ಗುತ್ತೆ... ಅದು ಪ್ಯಾಂಟಿಗೆ, ಹೌದು. ಜಾಕೆಟ್ಟಿಗೆ ಅಲ್ಲ. ಬೆವರು? ಬೆವರಿನ ಆವಿ ಹೊರಗೆ ಹೋಗೋದಕ್ಕೆ ಬೇರೆ ನಂಬರಿದೆ, ಅದೂ ಚೆನ್ನಾಗೇ ಇದೆ. ಸೋಪುಪುಡಿ! ಸೋಪುಪುಡಿ ಹಾಕಿ ತಿಕ್ಕಿದ್ರೆ ಮೇಲಿನ ಲೇಪ ಕೆಟ್ಟು ಹೋಗುತ್ತೆ. ಒಗೆಯೋರು ನೀವೇ ತಾನೇ?... ಬರೀ ನೀರಲ್ಲಾ? ನಾನು ಹೇಳಿಕೊಟ್ಟ ಹಾಗೇನಾ... ಹೂಂ.

ಯಾಕೆ ಒಳಮಗ್ಗುಲು ತಿರುಗಿಸ್ತಿದ್ದೀರಿ? ಕೊಡಿ ಇಲ್ಲಿ. ಆ ಹೊಲಿಗೆನಾ? ಹೊರಗಿನ ಹೊಳೆಯೋ ಪಟ್ಟೀದು. ಅದು ನಾನೇ ಹೋದ ವಾರ ಹೊಲಿದದ್ದು. ಮಂಜು ಕವಿದಾಗ ತಂಡದೋರಿಗೆ ಕಾಣಲಿ ಅಂತ ಅಣ್ಣನೇ ತಂದುಕೊಟ್ಟ. ಈ ಭುಜದಿಂದ ಆ ಭುಜಕ್ಕೆ ಎರಡು ಸಾಲು ಹೊಲಿಗೆ. ಅಚ್ಚುಕಟ್ಟಾಗಿಲ್ವಾ?

ಆ ಹೊಲಿಗೆ ಮೇಲಿಂದ ಬೆರಳು ತೆಗೀರಿ ಅತ್ತಿಗೆ... ತೆಗೀರಿ ಅಂದೆ.

ಆ ನಂಬರು ಬಟ್ಟೆಗೆ ಮಾತ್ರ. ಸೂಜಿ ಹೋದ ಕಡೆಯೆಲ್ಲಾ ತೂತು. ಹೊಲಿದ ಮೇಲೆ ಒಳಗಡೆ ನೀರು ಬಿಡದ ಟೇಪು ಇಟ್ಟು, ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಮುಚ್ಚಬೇಕು. ಟೇಪು ಮುಗಿದಿತ್ತು. ಮಾರನೇ ದಿನ ಬರೋದಿತ್ತು, ಒಂದೇ ಒಂದು ದಿನ! ಅಣ್ಣ ಬಾಗಿಲಲ್ಲಿ ನಿಂತು ಕೇಳಿದ, ಟೇಪು ಹಾಕಿದ್ದೀಯೇನೋ ಅಂತ. "ಹಾಕಿದ್ದೀನಿ ಹೋಗಣ್ಣ, ನಿಂದೊಳ್ಳೆ ಕಾಟ" ಅಂದೆ. ಹಾಗಂದೆ ನಾನು. ಅವನು ನಂಬಿದ. ಕಾಲು ಮುರ್ಕೊಂಡು ಬಿದ್ದಿದ್ದ ಯಾರನ್ನೋ ಬೆಚ್ಚಗಿಡೋಕೆ ತಬ್ಕೊಂಡು ಆರು ಗಂಟೆ ಹಿಮದಲ್ಲಿ ಕೂತಿದ್ದ. ಭುಜದಲ್ಲಿ ಇಳಿದ ನೀರು ತೋಳಿಗೆ ಬಂತು, ತೋಳಿಂದ ಗ್ಲೌಸಿಗೆ...

ಏನಾದ್ರೂ ಅನ್ನಿ ಅತ್ತಿಗೆ. ಬಾಯಿಗೆ ಬಂದ ಹಾಗೆ ಬೈಯಿರಿ.

ನಿಮಗೆ ಬರೋವಾಗಲೇ ಗೊತ್ತಿತ್ತಾ?... ಅಂದ್ರೆ ಅಣ್ಣನಿಗೂ... ಹೂಂ, ನೀರು ಎಲ್ಲಿಂದ ಇಳೀತು ಅಂತ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ. ಗೊತ್ತಿದ್ದೂ ನನ್ನ ಹತ್ರಾನೇ ಕಳಿಸಿದ್ನಾ? ಬೇರೆ ಯಾವ ಅಂಗಡಿಗೆ ಹೋಗಿದ್ರೂ ಒಂದು ನಿಮಿಷದಲ್ಲಿ ನಿಜ ಬರೆದುಕೊಡ್ತಿದ್ರಲ್ಲ. ನಾನು ಏನು ಬರೆದ್ರೂ ಸರಿ ಅಂದ್ನಾ? ಹಾಗೇ ಅಂದ್ನಾ ಅತ್ತಿಗೆ?

ಪೆನ್ನು ಕೊಡಿ. ಕಾಗದ ಸ್ವಲ್ಪ ಹಿಡ್ಕೊಳ್ಳಿ. ಜಾಕೆಟ್ ಒದ್ದೆಯಾಗಲು ಕಾರಣ: ಟೇಪು ಹಾಕದ ನನ್ನ ಹೊಲಿಗೆ.