ಪರದೇಶದ ಮಾರ್ಕ್ಸ್

ಉಮದಿ ಬಸ್ಸಿಗಾಗಿ ಕಾದು ಕಾದು ಹಾಲವ್ವನಿಗೆ ಸಾಕುಸಾಕಾಗಿತ್ತು. ಜತ್ತ ಬಸ್ ಸ್ಟ್ಯಾಂಡಿನಲ್ಲಿ ಅವಳು ಕೂತಿದ್ದ ಬೆಂಚಿನ ಮೇಲೆಯೇ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಸೋದರಮಾವ. ಹುಡುಗಿಯ ತೊಡೆಯ ಮೇಲಿನ ಚೀಲದಲ್ಲಿ ಬಿಳಿ ಬೂಟು. ಅವುಗಳ ಅಡಿಗೆ ಕತ್ತಿಯಂಥ ಅಲಗು ಕಂಡು ಹಾಲವ್ವ ಕಿವಿಗೊಟ್ಟಳು.

“ಬರ್ಫದ ಮ್ಯಾಲಿನ ಸ್ಕೇಟಿಂಗಿನ್ಯಾಗ ಪೈಲಾ ನಂಬರ್ ನಿಂದು. ದೇಶದ ಟೀಮಿನ್ಯಾಗ ನಿನ್ನ ಹೆಸರ ಯಾಕಿಲ್ಲ, ರೂಪಾಲಿ?”

“ಪರದೇಶದ ಸ್ಪರ್ಧಾದಾಗ ತಗೊಂಡ ಮಾರ್ಕ್ಸ್ ಬೇಕಂತ, ಮಾಮಾ.”

“ಅಲ್ಲಿಗಿ ಹೋಗಾಕ ಅಲ್ಲೇನು ನೀ ಬಡದಾಡೂದು?”

“ಹೌದು.”

“ಹೋಗದನ ಮಾರ್ಕ್ಸ್ ಎಲ್ಲಿಂದ ತರ್ತಿ?”

“ನಾನೂ ಅದನ್ನ ಕೇಳಿದೆ. ಟೀಮ್ ಆರಿಸೂ ಸಾಹೇಬ್ರು ಫೈಲ್ ಮುಚ್ಚಿದ್ರು.”

“ಮತ್ತ ಹೋಗಾಕಿ ಯಾರು?”

“ಮೂರನೇ ನಂಬರಿನಾಕಿ. ಹೋದ ವರ್ಷ ಅವರಪ್ಪ ತಾನ ಖರ್ಚು ಹಾಕ್ಕೊಂಡು ಆಕಿನ್ನ ಪರದೇಶದ ಸ್ಪರ್ಧಾಕ್ಕ ಕರ್ಕೊಂಡ ಹೋಗಿದ್ದ.”

“ಒಣದ್ರಾಕ್ಷಿ ಶೆಡ್ಡಿನ್ಯಾಗ ಗಾಲಿ ಬೂಟ ಹಾಕ್ಕೊಂಡು ಬಿದ್ದೆದ್ದು ಕಲ್ತಾಕಿ ನೀ. ಬರ್ಫ ನಿನಗ ಸಿಕ್ಕಿದ್ದು ಸೂಟಿಯೊಳಗ ದೂರದ ಊರಿಗಿ ಹೋದಾಗಷ್ಟ. ಹೊಟ್ಟಿ ಉರೀತೈತಿ ನನಗ.”

“ನಿನ್ನಿ ಆ ಮೂರನೇ ನಂಬರಿನಾಕಿ ಫೋನ್ ಮಾಡಿದ್ಲು. ‘ನಿನ್ನ ಗಿರಕಿ ಭಾಳ ಚಲೋ, ವಿಡಿಯೊ ಕಳಿಸು, ನೋಡಿ ಕಲೀತೀನಿ’ ಅಂದ್ಲು.”

“ಕಳಿಸಿದೇನು?”

ಹಾಲವ್ವನಿಗೂ ಅದೇ ತಿಳಿಯಬೇಕಾಗಿತ್ತು. ಅಷ್ಟರಲ್ಲಿ ತಿಕೋಂಡಿ ಬಸ್ಸು ಬಂದು ನಿಂತಿತು. ಹುಡುಗಿ ಚೀಲದ ಚೈನು ಎಳೆದು, ಹೆಗಲಿಗೇರಿಸಿ ಎದ್ದಳು. ಬಾಗಿಲ ಹತ್ತಿರ ಹೋಗಿ ಮಾವನ ಕಡೆ ತಿರುಗಿದಳು.

“ಕಳಿಸಿದೆ. ಆ ಗಿರಕಿಯೊಳಗ ಕಾಲು ಎಲ್ಲಿ ಜಾರ್ತೈತಿ ಅನ್ನೂದನ್ನಷ್ಟ ಹೇಳಲಿಲ್ಲ.”