ಮೀನು ದಾರಿ ಬಿಟ್ಟದ್ದು

ಇದು ಪೆಂಬಾ ದ್ವೀಪದಲ್ಲಿ ನಮ್ಮ ಬೇಲಿಯಾಚೆಯ ಬಿಯುಬ್ವಾಗೆ ಆದದ್ದು. ಗಾಳಿಮಾತಲ್ಲ. ನಂಬದವರು ಎದ್ದು ಹೋಗಲಿ, ನನಗೇನೂ ಬೇಜಾರಿಲ್ಲ.

ಮಗ್ರಿಬ್ ಬಾಂಗ್ ಆಗಿ ಕತ್ತಲು ಕೂಡಿತ್ತು. ಬಿಯುಬ್ವಾ ಕ್ಯಾಮೆರಾ ಪೆಟ್ಟಿಗೆಯನ್ನು ಎದೆಗವಚಿಕೊಂಡು ಕಡಲಿಂದ ಮನೆಗೆ ಬರುತ್ತಿದ್ದಳು. ಜೊತೆಗೆ ದೋಣಿ ನಡೆಸುವ ಫಾಕಿ, ಅವಳ ದೊಡ್ಡಪ್ಪನ ಮಗ. ಬಾವೋಬಾಬ್ ಮರದಡಿಯ ಬಾವಿ ಹತ್ತಿರ ಬಂದಾಗ ಹಿಂದೆ ಸದ್ದು... ಪಚ್. ಪಚ್. ಒದ್ದೆ ಕಾಲಿನದು.

"ಫಾಕಿ, ನಿನ್ನ ಚಪ್ಪಲೀನಾ?"

"ನಾನು ಬರಿಗಾಲು ಕಣೇ..."

"ಮತ್ತೆ?"

"ಸುಮ್ನೆ ನಡಿ. ತಿರುಗಬೇಡ."

ಬಾವಿ ದಾಟಿದ ಮೇಲೆ ಸದ್ದು ನಿಂತಿತು. ಫಾಕಿ ಪಿಸುಗುಟ್ಟಿದ. "ನೀರಿಂದ ಎದ್ದಾಗಿಂದ ನಿನ್ನ ಮುಖ ಸುಣ್ಣ ಬಳಿದ ಹಾಗಿದೆ. ಏನು ಕಂಡೆ?"

ಅವಳು ಹೆಜ್ಜೆ ಚುರುಕು ಮಾಡಿದಳು.

ಅವಳ ಚಿಕ್ಕಮ್ಮ ಜುಹುರಾ ಕಳೆದುಹೋದದ್ದು ಬಿಯುಬ್ವಾ ಅವತ್ತು ಇಳಿದಿದ್ದ ಹವಳದ ದಿಬ್ಬದಲ್ಲೇ. ಇಳಿತದ ಹೊತ್ತಿಗೆ ಹೆಂಗಸರೆಲ್ಲ ಕಬ್ಬಿಣದ ಕೋಲು ಹಿಡಿದು ಆಕ್ಟೋಪಸ್ ಹಿಡಿಯಲು ಹೋಗಿದ್ದರು. ನೀರು ಏರಿತು. ಎಲ್ಲರೂ ಬಂದರು, ಜುಹುರಾ ಬರಲಿಲ್ಲ. ಹೆಣವೂ ಸಿಗಲಿಲ್ಲ. ಎರಡು ತಿಂಗಳಾದರೂ ಅವಳ ಅಕ್ಕ, ಬಿಯುಬ್ವಾಳ ತಾಯಿ ಕಜೀಜಾ, ಸತ್ತವರಿಗೆ ಓದಿಸುವ ಜನಾಜಾ ನಮಾಜಿಗೆ ಒಪ್ಪಿರಲಿಲ್ಲ. "ಕಣ್ಣಿಂದ ಕಾಣದೆ ಓದಿಸಿದ್ರೆ, ಬದುಕಿರೋ ತಂಗೀನ ನಾನೇ ಹೂತ ಹಾಗೆ" ಅನ್ನುತ್ತಿದ್ದಳು. ಊಟ ಬಿಟ್ಟಿದ್ದಳು, ನಿದ್ದೆ ಬಿಟ್ಟಿದ್ದಳು, ಕಡ್ಡಿಯಾಗಿದ್ದಳು.

ಊರಲ್ಲಿ ಗಾಳಿ ಸಿಲಿಂಡರ್ ಹೊತ್ತು ನೀರಾಳಕ್ಕೆ ಇಳಿಯುವ ಹೆಣ್ಣು ಬಿಯುಬ್ವಾ ಒಬ್ಬಳೇ. ಹವಳದ ಜೀವಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯುವವರಿಗೆ ಕ್ಯಾಮೆರಾ ಹಿಡಿಯುತ್ತಿದ್ದಳು. "ಮೀನಿನ ಮದುವೆ ಫೋಟೊ ತೆಗೆಯೋಳು" ಅಂತ ಊರವರು ಆಡಿಕೊಳ್ಳುತ್ತಿದ್ದರು. ಕ್ಯಾಮೆರಾ ಮೀನಿನ ಮೇಲಿದ್ದರೂ ಕಣ್ಣು ಹುಡುಕುತ್ತಿದ್ದದ್ದು ಚಿಕ್ಕಮ್ಮನನ್ನು. ಒಂದು ಬಟ್ಟೆಚೂರು ಸಿಕ್ಕರೂ ಸಾಕು, ಅಮ್ಮ ಒಪ್ಪಿಯಾಳು ಅಂತ.

ಬಾವಿ ಹತ್ತಿರ ಸದ್ದು ಕೇಳಿದ ಆ ದಿನ ಮಧ್ಯಾಹ್ನ ದಿಬ್ಬದ ಅಂಚಿನಲ್ಲಿ ಹಳದಿ ಮೀನಿನ ದೊಡ್ಡ ಹಿಂಡು ಸಿಕ್ಕಿತ್ತು. ಹವಳದೊಳಗಿನ ಸೀಗಡಿಗಳು ಯಾವತ್ತಿನಂತೆ ಚಟಚಟ ಅನ್ನುತ್ತಿದ್ದವು, ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ಇದ್ದಕ್ಕಿದ್ದಂತೆ... ಅದು ನಿಂತಿತು. ಅವಳ ಉಸಿರಿನ ಬುಳುಬುಳು ಒಂದೇ ಉಳಿಯಿತು. ಹಿಂಡಿನ ಆಚೆ ಒಂದು ಕಂಗಾ ಕಂಡಿತು, ಚಿಕ್ಕಮ್ಮ ಕಳೆದುಹೋದ ದಿನ ಸೊಂಟಕ್ಕೆ ಸುತ್ತಿಕೊಂಡಿದ್ದಂಥದೇ ವಸ್ತ್ರ. ಕೆಂಪು. ರಕ್ತದಂಥ ಕೆಂಪು.

ಕ್ಯಾಮೆರಾ ಅತ್ತಲೇ ಹಿಡಿದು ಹಿಂಬಾಲಿಸಿದಳು. ದಿಬ್ಬ ಮುಗಿದು ಕೆಳಗೆ ಕಪ್ಪು ಆಳ ಶುರುವಾಗಿತ್ತು. ಗಾಳಿ ಮುಗಿಯುತ್ತಾ ಬಂದಿತ್ತು. ಇನ್ನೊಂದು ಮಾರು ಮುಂದೆ ಹೋದರೆ ಸಿಗುತ್ತಿತ್ತು... ಆಗ ಹೊಳೆಯಿತು. ಅಷ್ಟು ಆಳದಲ್ಲಿ ಕೆಂಪು ಇರುವುದಿಲ್ಲ. ಮೇಲಿನ ನೀರೇ ಕೆಂಪನ್ನೆಲ್ಲ ಕುಡಿದಿರುತ್ತದೆ. ದೀಪ ಹಿಡಿಯದಿದ್ದರೆ ಕೆಂಪು ಬಟ್ಟೆಯೂ ಕಪ್ಪು. ಅವಳ ಕೈಯಲ್ಲಿ ದೀಪ ಇರಲಿಲ್ಲ.

ತಿರುಗಿದವಳು ಮೇಲೆ ಬರುವವರೆಗೆ ಹಿಂದೆ ನೋಡಲಿಲ್ಲ.

ಆ ಸಂಜೆ ತೆಂಗಿನಕಾಯಿ ತುರಿಯುವ ಮಣೆ ವಾಪಸ್ ಕೊಡಲು ನಾನು ಕಜೀಜಾಳ ಅಡುಗೆಮನೆಗೆ ಹೋಗಿದ್ದೆ. ಅಷ್ಟರಲ್ಲಿ ಬಾವಿ ಕಡೆಯಿಂದ ಅವರಿಬ್ಬರೂ ಬಂದರು. "ಅಮ್ಮಾ, ಇಲ್ನೋಡು" ಅಂತ ಬಿಯುಬ್ವಾ ಕ್ಯಾಮೆರಾದ ಪುಟ್ಟ ಪರದೆ ತೋರಿಸಿದಳು.

ಪರದೆಯಲ್ಲಿ ಕಂಗಾ ಇರಲಿಲ್ಲ. ಕೆಂಪೂ ಇರಲಿಲ್ಲ.

ಮೀನು ಮಾತ್ರ ಇತ್ತು. ಗೋಡೆಯಂತೆ ಒತ್ತಾಗಿದ್ದ ಆ ಹಿಂಡು ನಡುವೆ ಬಿರಿಯಿತು. ಒಬ್ಬ ಹೆಂಗಸಿನಷ್ಟು ಅಗಲ, ಅಷ್ಟೇ ಎತ್ತರ. ಆ ಖಾಲಿ ಜಾಗ ಮರಳಿನ ಮೇಲೆ ಸಾಗಿತು. ಮುಂದೆ ಮೀನು ಸರಿದು ದಾರಿ ಬಿಡುತ್ತಿತ್ತು, ಹಿಂದೆ ಮತ್ತೆ ಕೂಡಿಕೊಳ್ಳುತ್ತಿತ್ತು.

"ಅಲೆ ಇರಬೇಕು..." ಅಂದ ಫಾಕಿ.

"ಬಾಯ್ಮುಚ್ಚೋ" ಅಂದಳು ಕಜೀಜಾ. ಪರದೆಗೆ ಮೂಗು ತಾಗಿಸಿ ಕೂತಿದ್ದಳು. "ನಡೀತಿದಾಳೆ. ಬಲಗಾಲು ಎಳೀತಾ, ಯಾವತ್ತಿನ ಹಾಗೇ. ನನ್ನ ತಂಗಿಗೆ ಈಜು ಎಲ್ಲಿ ಬರ್ತಿತ್ತು..."

ಆಮೇಲೆ ಕಜೀಜಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಳೆ ಇಮಾಮರಿಗೆ ಹೇಳಿ ಬಾ, ಫಾಕಿ. ಓದಿಸಿಬಿಡೋಣ. ಪಾಪ, ಎಷ್ಟು ನಡೀತಾಳೆ."

ಬಿಯುಬ್ವಾ ಕ್ಯಾಮೆರಾ ಆರಿಸಲು ಕೈ ಹಾಕಿದಳು. ನಾನೇ ತಡೆದೆ.

ಹಿಂಡು ಇನ್ನೊಮ್ಮೆ ಬಿರಿದಿತ್ತು. ಮೊದಲಿನದರ ಹಿಂದೆಯೇ, ಮರಳಿಗೆ ಹತ್ತಿರ. ನನ್ನ ಮೊಣಕಾಲೆತ್ತರದ ಸಂದು. ಓಡೋಡಿ ಬರುತ್ತಿತ್ತು.

ಜುಹುರಾಗೆ ಮಕ್ಕಳಿರಲಿಲ್ಲ. ಊರಲ್ಲಿ ಯಾವ ಮಗುವೂ ಕಡಲ ಪಾಲಾಗಿರಲಿಲ್ಲ, ಹಿರಿಯರನ್ನೆಲ್ಲ ಕೇಳಿ ನೋಡಿದೆವು.

ಶುಕ್ರವಾರ ನಮಾಜು ಓದಿದರು. ಕಜೀಜಾ ಊಟ ಮಾಡಿದಳು. ಆ ತುಣುಕು ಈಗಲೂ ಸಾಕ್ಷ್ಯಚಿತ್ರದಲ್ಲಿದೆ, ನೋಡಿದವರು ಮೀನು ಎಷ್ಟು ಚೆಂದ ಅನ್ನುತ್ತಾರಂತೆ. ಅನ್ನಲಿ. ಆ ಅಡುಗೆಮನೆಯಲ್ಲಿ ಕೂತು ಕಣ್ಣಾರೆ ಕಂಡವಳು ನಾನು.

ಹಿಂದೆ ಓಡಿಬಂದ ಆ ಇನ್ನೊಂದಕ್ಕೂ ಓದಿಸೋಣ ಅಂತ ಕಜೀಜಾ ಇಮಾಮರನ್ನು ಕೇಳಿದ್ದಳು. ಅವರು ಹೆಸರು ಕೇಳಿದರು.